2.66 ಬಂತು, ಈಗೇನು? ಜರ್ಮನಿಯ ನಾಲ್ಕನೇ ಕ್ಲಾಸಿನ ಲೆಕ್ಕ

ಪಾಸಿಂಗ್ ಅಮ್ಮ
ನಾವು ಮ್ಯೂನಿಕ್‌ನ ಪಾಸಿಂಗ್ ಬಡಾವಣೆಯಲ್ಲಿದ್ದೇವೆ. ಮಗಳು ನಾಲ್ಕನೇ ಕ್ಲಾಸ್. ಮೇ ಶುರುವಿನಲ್ಲಿ, ಐದನೇ ಕ್ಲಾಸಿಗೆ ಯಾವ ಥರದ ಶಾಲೆಗೆ ಹೋಗಬಹುದು ಅಂತ ಹೇಳುವ ಸರ್ಟಿಫಿಕೇಟ್ ಶಾಲೆಯಿಂದ ಬಂತು. ಅದರ ಜರ್ಮನ್ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರುತ್ತದೆ, ಬಿಡಿ. ಗೊತ್ತಿಲ್ಲದವರಿಗೆ: ನಮ್ಮ ರಾಜ್ಯ ಬವೇರಿಯಾದಲ್ಲಿ ಜರ್ಮನ್, ಗಣಿತ, ಪರಿಸರ ಪಾಠ, ಈ ಮೂರರ ಸರಾಸರಿ ತೆಗೆಯುತ್ತಾರೆ. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಚೆನ್ನಾಗಿದೆ ಅಂತ, 6 ಅಂದರೆ ಡುಮ್ಕಿ. 2.33ರ ಒಳಗಿದ್ದರೆ ಗಿಮ್ನಾಸಿಯಂ (ನೇರ ಯೂನಿವರ್ಸಿಟಿ ದಾರಿಯ ಶಾಲೆ), 2.66ರ ಒಳಗಿದ್ದರೆ ರಿಯಾಲ್‌ಶೂಲೆ (ಹತ್ತನೇ ಕ್ಲಾಸ್‌ವರೆಗಿನ ನಡುವಿನ ಶಾಲೆ), ಅದಕ್ಕೂ ಆಚೆ ಹೋದರೆ ಮಿಟ್ಟೆಲ್‌ಶೂಲೆ (ಹೆಚ್ಚಾಗಿ ಕಸುಬಿನ ಕಡೆ ಒಯ್ಯುವ ಶಾಲೆ). ನಮ್ಮವಳಿಗೆ ಗಣಿತದಲ್ಲಿ 2, ಉಳಿದೆರಡರಲ್ಲಿ 3. ಸರಾಸರಿ 2.66. ಒಂದೇ ಒಂದು 3ರ ಬದಲು 2 ಬಂದಿದ್ದರೆ ಗಿಮ್ನಾಸಿಯಂಗೆ ಸಾಕಿತ್ತು.

ಊರಿಗೆ ಫೋನ್ ಮಾಡಿ "ಅಜ್ಜಿ, ನಂಗೆ ಮೂರು ಬಂತು" ಅಂದಳು. ಅಜ್ಜಿ "ಎಷ್ಟಕ್ಕೆ ಪುಟ್ಟಾ, ಹತ್ತಕ್ಕಾ?" ಅಂದರು. ಇವಳು ಫೋನ್ ಇಟ್ಟು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹತ್ತು ವರ್ಷದ ಮಗುವಿಗೆ ನೀನು ಈ ಕಡೆ, ನೀನು ಆ ಕಡೆ ಅನ್ನುವುದು ಯಾವ ನ್ಯಾಯ?

ಸ್ಟುಟ್‌ಗಾರ್ಟ್ ಸ್ಪ್ಯಾನರ್
ಅಕ್ಕಾ, ಮೊದಲು ಉಸಿರು ಬಿಡಿ. ನನ್ನ ಮಗ ರಿಯಾಲ್‌ಶೂಲೆ ಮುಗಿಸಿದವನು. ಹತ್ತನೇ ಕ್ಲಾಸ್ ಆದ ಮೇಲೆ ಮೆಕಾಟ್ರಾನಿಕ್ಸ್ (ಯಂತ್ರ, ಎಲೆಕ್ಟ್ರಾನಿಕ್ಸ್ ಎರಡೂ ಸೇರಿದ ಕೆಲಸ) ಔಸ್‌ಬಿಲ್ಡುಂಗ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ ಸೇರಿದ. ಮೂರೂವರೆ ವರ್ಷದ್ದು. ವಾರದಲ್ಲಿ ಒಂದೆರಡು ದಿನ ಬೆರೂಫ್ಸ್‌ಶೂಲೆ ಅನ್ನುವ ವೃತ್ತಿ ಶಾಲೆಯಲ್ಲಿ ಪಾಠ, ಉಳಿದ ದಿನ ಫ್ಯಾಕ್ಟರಿಯಲ್ಲಿ ಕೆಲಸ. ಮೊದಲ ತಿಂಗಳಿಂದಲೇ ಸಂಬಳ. ಬೆಳಗ್ಗೆ ಐದೂವರೆಗೆ ಚಿತ್ರಾನ್ನದ ಡಬ್ಬಿ ಹಿಡಿದು ಹೊರಡುತ್ತಾನೆ, ಬೂಟಿನಲ್ಲಿ ಕಬ್ಬಿಣದ ಚೂರು ಸಿಕ್ಕಿಸಿಕೊಂಡು ಬರುತ್ತಾನೆ. ನನಗೆ ಅವನ ವಯಸ್ಸಿನಲ್ಲಿ ಬಸ್ ಚಾರ್ಜಿಗೂ ಅಪ್ಪನನ್ನೇ ಕೇಳಬೇಕಿತ್ತು. ನಾಳೆ ಅವನು ಮೈಸ್ಟರ್ (ಕಸುಬಿನ ಮೇಲ್ದರ್ಜೆಯ) ಪರೀಕ್ಷೆ ಪಾಸಾದರೆ ಅಬಿಟೂರ್ (ಯೂನಿವರ್ಸಿಟಿಗೆ ಬೇಕಾದ ಶಾಲೆಯ ಕೊನೆ ಪರೀಕ್ಷೆ) ಇಲ್ಲದೆಯೂ ಯೂನಿವರ್ಸಿಟಿಗೆ ಅರ್ಜಿ ಹಾಕಬಹುದು. 2009ರಲ್ಲೇ ಎಲ್ಲ ರಾಜ್ಯಗಳೂ ಇದಕ್ಕೆ ಒಪ್ಪಿವೆ.

ಡಾರ್ಮ್‌ಸ್ಟಾಟ್ ತಕರಾರು
ಸರ್, ನಿಮ್ಮ ಮಗನ ವಿಷಯ ಕೇಳಿ ಖುಷಿಯಾಯ್ತು. ಆದರೆ ಅವನ ಹಿಂದೆ ದಾರಿ ಗೊತ್ತಿರುವ ಅಪ್ಪ ಇದ್ದರು. ಜರ್ಮನ್ ಬರದ, ಎರಡು ಶಿಫ್ಟ್ ಕೆಲಸ ಮಾಡುವ ಮನೆಯ ಮಗುವಿಗೆ ಯಾವ ಬಾಗಿಲು ಎಲ್ಲಿದೆ ಅಂತ ಹೇಳುವವರು ಯಾರು? 2001ರ ಕೊನೆಗೆ ಹಲವು ದೇಶಗಳ 15 ವರ್ಷದ ಮಕ್ಕಳನ್ನು ಹೋಲಿಸುವ ಪಿಸಾ ಪರೀಕ್ಷೆಯ ಮೊದಲ ಫಲಿತಾಂಶ ಬಂದಾಗ ಈ ದೇಶ ಬೆಚ್ಚಿಬಿದ್ದಿತ್ತು. ಅಂಕ ಕಮ್ಮಿ ಬಂದಿದ್ದು ಒಂದು ಕಡೆ ಇರಲಿ. ಮಗುವಿನ ಓದು ಅಪ್ಪ-ಅಮ್ಮನ ಓದು, ಸಂಪಾದನೆಗೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ ಅಂತ ಗೊತ್ತಾಗಿದ್ದೇ ದೊಡ್ಡ ಪೆಟ್ಟು. ಆಮೇಲೆ ಏನೇನೋ ರಿಪೇರಿ ಮಾಡಿದರು. ನಾಲ್ಕನೇ ಕ್ಲಾಸಿನ ಕತ್ತರಿಯನ್ನು ಮಾತ್ರ ಹೆಚ್ಚಿನ ರಾಜ್ಯಗಳು ಕೆಳಗಿಡಲಿಲ್ಲ.

ಅರಸೀಕೆರೆ ಮೇಷ್ಟ್ರು
ನಾನು ಊರಲ್ಲೇ ಇರುವವನು, ಹೈಸ್ಕೂಲ್ ಮೇಷ್ಟ್ರು. ಒಂದು ಮಾತು ಕೇಳಲಾ? ನಮ್ಮಲ್ಲಿ ಮಾಡುವುದೇನು? ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರದಲ್ಲೇ ಸೈನ್ಸಾ, ಕಾಮರ್ಸಾ, ಆರ್ಟ್ಸಾ ತೀರ್ಮಾನ ಆಗಬೇಕು. ಆರ್ಟ್ಸ್ ತೆಗೆದುಕೊಂಡವನು ಆಮೇಲೆ ಇಂಜಿನಿಯರಿಂಗ್ ಕಡೆ ತಲೆ ಹಾಕುವ ಹಾಗಿಲ್ಲ. ಐಟಿಐ ಸೇರಿದರೆ ನೆಂಟರು "ಪಾಪ, ಓದು ಹತ್ತಲಿಲ್ಲ" ಅಂತಾರೆ. ನಾವು ಕತ್ತರಿಸುವುದು ಹದಿನಾರಕ್ಕೆ, ನೀವು ಹತ್ತಕ್ಕೆ. ಅಷ್ಟೇ ವ್ಯತ್ಯಾಸ ಅಲ್ವಾ?

ಡಾರ್ಮ್‌ಸ್ಟಾಟ್ ತಕರಾರು
ಆ ಆರು ವರ್ಷವೇ ಎಲ್ಲಾ, ಮೇಷ್ಟ್ರೇ. ಹದಿನಾರರ ಹುಡುಗ ಮನೆಯಲ್ಲಿ ಜಗಳ ಆಡಿಯಾದರೂ ತನಗೆ ಬೇಕಾದ್ದು ತೆಗೆದುಕೊಳ್ಳಬಹುದು. ಹತ್ತರ ಮಗು ಏನು ಮಾಡುತ್ತೆ, ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೆ.

ಬರ್ಲಿನ್ ಬಿಸಿಬೇಳೆ
ಒಂದು ಸಣ್ಣ ತಿದ್ದುಪಡಿ. "ಜರ್ಮನಿ" ಅಂತ ಒಂದೇ ಪದ್ಧತಿ ಇಲ್ಲ, ಶಾಲೆ ಪೂರ್ತಿ ರಾಜ್ಯಗಳ ಕೈಯಲ್ಲಿದೆ. 16 ರಾಜ್ಯ, 16 ಅಡುಗೆ. ನಮ್ಮ ಬರ್ಲಿನ್‌ನಲ್ಲಿ ಪ್ರೈಮರಿ ಆರನೇ ಕ್ಲಾಸ್‌ವರೆಗೆ, ಪಕ್ಕದ ಬ್ರಾಂಡೆನ್‌ಬುರ್ಗ್‌ನಲ್ಲೂ ಹಾಗೇ. ಬರ್ಲಿನ್‌ನಲ್ಲಿ ಆಮೇಲೆ ಗಿಮ್ನಾಸಿಯಂ ಇಲ್ಲವೇ ಸೆಕೆಂಡರಿ ಶಾಲೆ. ಎರಡರಿಂದಲೂ ಅಬಿಟೂರ್‌ವರೆಗೆ ಹೋಗಬಹುದು. ಸ್ಟುಟ್‌ಗಾರ್ಟಿನವರ ಬಾಡೆನ್-ವುರ್ಟೆಂಬೆರ್ಗ್‌ನಲ್ಲಂತೂ ಟೀಚರ್ ಮಾತೇ ಕಡ್ಡಾಯ ಅನ್ನುವುದನ್ನು 2012ರಲ್ಲಿ ತೆಗೆದರು, ಈಗ 2025ರಿಂದ ಮತ್ತೆ ಬಿಗಿ ಮಾಡಿದ್ದಾರೆ. ಟೀಚರ್ ಸಲಹೆ, ಒಂದು ಟೆಸ್ಟ್, ಅಪ್ಪ-ಅಮ್ಮನ ಇಷ್ಟ. ಗಿಮ್ನಾಸಿಯಂಗೆ ಈ ಮೂರರಲ್ಲಿ ಎರಡಾದರೂ ಹೂಂ ಅನ್ನಬೇಕು. ಇಲ್ಲದಿದ್ದರೆ ಇನ್ನೊಂದು ಟೆಸ್ಟ್.

ಸ್ಟುಟ್‌ಗಾರ್ಟ್ ಸ್ಪ್ಯಾನರ್
ಹೌದು. ನಮ್ಮ ಮಗನ ಕಾಲದಲ್ಲಿ ಗಿಮ್ನಾಸಿಯಂಗೆ ಹಾಕುವ ಆಯ್ಕೆ ನಮ್ಮ ಕೈಯಲ್ಲೇ ಇತ್ತು. ನಾವೇ ಬೇಡ ಅಂದೆವು. ನನ್ನ ಹೆಂಡತಿ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದಳು, ಅದು ಬೇರೆ ಕತೆ.

ಡಾರ್ಮ್‌ಸ್ಟಾಟ್ ತಕರಾರು
ನೋಡಿ, ನಿಮ್ಮ ಕೈಯಲ್ಲಿ ಆಯ್ಕೆ ಇತ್ತು! ನಾನು ಹೇಳುತ್ತಿರುವುದೇ ಅದು.

ಪಾಸಿಂಗ್ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ನನ್ನ ಹೊಟ್ಟೆಯುರಿ ಇನ್ನೊಂದಿದೆ. ಟೀಚರ್ "ಮನೆಯಲ್ಲೂ ಜರ್ಮನ್ ಮಾತಾಡಿ, ಸರಿಹೋಗುತ್ತೆ" ಅಂದರು. ನನ್ನ ಜರ್ಮನ್ ಕೇಳಿದರೆ ಅವಳ 3 ಹೋಗಿ 4 ಆಗುತ್ತದೆ! ನಾಮಪದದ ಲಿಂಗಕ್ಕೆ ತಕ್ಕಂತೆ ಅದರ ಮುಂದೆ ಬರುವ ಡೇರ್, ಡೀ, ದಾಸ್ ನನಗೆ ಇವತ್ತಿಗೂ ಲಾಟರಿ. ಮೇಜಿಗೆ ಗಂಡು ಅಂತ, ದೀಪಕ್ಕೆ ಹೆಣ್ಣು ಅಂತ ಯಾರಿಗೆ ನೆನಪಿರುತ್ತೆ? ಅವಳ ಪ್ರಬಂಧದ ಹಾಳೆ ನೋಡಿದೆ. ಕತೆ ಚೆನ್ನಾಗಿ ಬರೆದಿದ್ದಾಳೆ, ಕೆಂಪು ಗೆರೆ ಬಿದ್ದಿರುವುದೆಲ್ಲ ಈ ಸಣ್ಣ ಪದಗಳ ಮೇಲೆ.

ಅರಸೀಕೆರೆ ಮೇಷ್ಟ್ರು
ಕನ್ನಡ ಬಿಡಬೇಡಿ ತಾಯಿ. ಮನೆ ಮಾತು ಗಟ್ಟಿ ಇರುವ ಮಗು ಇನ್ನೊಂದನ್ನೂ ಕಲಿಯುತ್ತೆ. ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ಉರ್ದು, ಲಂಬಾಣಿ ಮಾತಾಡುವ ಮಕ್ಕಳು ಕನ್ನಡದಲ್ಲಿ ಮುಂದಿದ್ದಾರೆ. ಅವರಿಗೆ ಬೇಕಾಗಿದ್ದು ಪಕ್ಕದಲ್ಲಿ ಕೂತು ತಿದ್ದುವವರು, ಅಷ್ಟೇ.

ಬರ್ಲಿನ್ ಬಿಸಿಬೇಳೆ
ಅಕ್ಕಾ, ಪ್ರೋಬೆ-ಉಂಟರ್‌ರಿಕ್ಟ್ (ಪ್ರಾಯೋಗಿಕ ಪಾಠ) ಬಗ್ಗೆ ಯಾರೂ ಹೇಳಲಿಲ್ಲವಾ? ಬವೇರಿಯಾದಲ್ಲಿ ಸರಾಸರಿ ತಪ್ಪಿದವರಿಗೆ ಗಿಮ್ನಾಸಿಯಂನಲ್ಲೇ ಮೂರು ದಿನ ಕೂರಿಸಿ ಜರ್ಮನ್, ಗಣಿತ ಎರಡರಲ್ಲೂ ಪರೀಕ್ಷೆ ಮಾಡುತ್ತಾರೆ. ಒಂದರಲ್ಲಿ 3, ಇನ್ನೊಂದರಲ್ಲಿ 4 ಬಂದರೆ ಪಾಸ್. ಎರಡರಲ್ಲೂ 4 ಬಂದರೆ ತೀರ್ಮಾನ ಅಪ್ಪ-ಅಮ್ಮನಿಗೆ ಬಿಟ್ಟಿದ್ದು. ಮೇನಲ್ಲೇ ನಡೆಯುತ್ತೆ, ತಡ ಮಾಡಬೇಡಿ.

ಸ್ಟುಟ್‌ಗಾರ್ಟ್ ಸ್ಪ್ಯಾನರ್
ಕೂರಿಸಿ, ಬೇಡ ಅನ್ನಲ್ಲ. ಆಗಲಿಲ್ಲ ಅಂದರೂ ರಿಯಾಲ್‌ಶೂಲೆ ಮುಗಿಸಿ ಎಫ್‌ಒಎಸ್‌ಗೆ (ಹತ್ತರ ನಂತರದ ವೃತ್ತಿಪರ ಹೈಯರ್ ಸೆಕೆಂಡರಿ ಶಾಲೆ) ಹೋದರೆ ಹನ್ನೆರಡನೇ ಕ್ಲಾಸಿಗೆ ಫಾಕ್‌ಅಬಿಟೂರ್ (ಅನ್ವಯಿಕ ಕಾಲೇಜುಗಳಿಗೆ ಸಾಕಾಗುವ ಅರ್ಹತೆ), ಹದಿಮೂರಕ್ಕೆ ಅಬಿಟೂರ್. ನಿಮ್ಮ ಬವೇರಿಯಾ ಗಿಮ್ನಾಸಿಯಂ ಕೂಡ ಈಗ ಹದಿಮೂರನೇ ಕ್ಲಾಸ್‌ವರೆಗೇ ತಾನೇ? ವರ್ಷವೂ ಜಾಸ್ತಿ ಆಗಲ್ಲ.

ಡಾರ್ಮ್‌ಸ್ಟಾಟ್ ತಕರಾರು
ಕಾಗದದ ಮೇಲೆ ಎಲ್ಲ ಸಲೀಸು, ಸರ್. ಆ ದಾರಿಯಲ್ಲಿ ಹೋಗುವ ಮಗು ಐದನೇ ಕ್ಲಾಸಿಂದ "ನಾನು ಎರಡನೇ ಸಾಲಿನವಳು" ಅಂದುಕೊಂಡೇ ಬೆಳೆಯುತ್ತೆ. ಆದರೂ ಈ ಮೂರು ದಿನದ ಪರೀಕ್ಷೆಗೆ ನನ್ನದೂ ಓಟು.

ಪಾಸಿಂಗ್ ಅಮ್ಮ
ಇವತ್ತು ಹೆಸರು ಕೊಟ್ಟು ಬಂದೆವು. ಗಣಿತದ ಚಿಂತೆ ಇಲ್ಲ. ಮಗಳು ಕೇಳಿದ್ದು ಒಂದೇ: "ಪಾಸಾದರೂ ನಾನು ಬೇಕಾದರೆ ರಿಯಾಲ್‌ಶೂಲೆಗೇ ಹೋಗಬಹುದಾ?" ಅವಳ ಗೆಳತಿ ಅಲ್ಲಿಗೆ ಹೋಗುತ್ತಿದ್ದಾಳಂತೆ. ಹೋಗಬಹುದು ಅಂದೆ. ಅವಳಪ್ಪ ನನ್ನ ಮುಖ ನೋಡಿದರು. ಇರಲಿ, ಪಾಸಿಂಗ್ ಅಥವಾ ಲೈಮ್ ಕಡೆ ಸಂಜೆ ಹೊತ್ತು ಕೂರಿಸಿಕೊಂಡು ಜರ್ಮನ್ ಬರವಣಿಗೆ ತಿದ್ದುವವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಫೀಸಿನ ಜೊತೆ ಮಸಾಲೆ ದೋಸೆ ಉಚಿತ.