ರಾಕ್, ಬ್ಲೂಸ್, ಜಾಝ್ ಗಿಟಾರ್: ಮೆಚ್ಚಿನ ಒಬ್ಬರನ್ನು ಹೇಳಿ, ಕಿವಿ ಎಲ್ಲಿಡಬೇಕು ಅಂತಲೂ ಹೇಳಿ

ಕುಂದವಾಡ ಕೆರೆ ಏರಿ (ದಾವಣಗೆರೆ)

ಮುಂದಿನ ಭಾನುವಾರ ಸಂಜೆ ವಿದ್ಯಾನಗರದಲ್ಲಿ ಏಳೆಂಟು ಜನ ಕೂತು ಎರಡು ತಾಸು ಗಿಟಾರ್ ಕೇಳೋ ಏರ್ಪಾಡು ಮಾಡ್ತಿದ್ದೀವಿ. ಅರ್ಧ ಜನಕ್ಕೆ ರಾಕ್ ಗಿಟಾರಿನ ಹೆಂಡ್ರಿಕ್ಸ್, ಗಿಲ್ಮೋರ್ ಬಾಯಿಪಾಠ. ಇನ್ನರ್ಧ ಹಿಂದೂಸ್ತಾನಿ ಕೇಳೋರು, ಒಬ್ಬರು ತಬಲಾ ನುಡಿಸ್ತಾರೆ. ಬ್ಲೂಸ್ ಹಾಕಿದ್ರೆ "ಎಲ್ಲಾ ಒಂದೇ ಹಾಡಿನ ಥರ ಐತಲ್ರಿ" ಅಂತಾರೆ. ಜಾಝ್ ಹಾಕಿದ್ರೆ ಎಲ್ಲಿ ಹಿಡ್ಕೋಬೇಕು ತಿಳಿಯಲ್ಲ ಅಂತಾರೆ. ಎರಡೂ ನ್ಯಾಯವಾದ ಮಾತೇ.

ಅದಕ್ಕೇ ಬರೀ ಹೆಸರಿನ ಪಟ್ಟಿ ಬೇಡ. ನೀವು ಮನಸಾರೆ ಮೆಚ್ಚಿದ ಒಬ್ಬ ವಾದಕರು, ಯಾವ ರೆಕಾರ್ಡ್, ಅದರಲ್ಲಿ ಏನು ಕೇಳಬೇಕು, ಅದನ್ನ ಗಿಟಾರ್ ಮೇಲೆ ತೋರಿಸೋದು ಹೇಗೆ, ಇಷ್ಟು ಹೇಳ್ರಿ. ಇರೋದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಆಕಾರದ ಎಲೆಕ್ಟ್ರಿಕ್ ಗಿಟಾರ್, 9ರ (ತೆಳು) ತಂತಿ, 10 ವ್ಯಾಟ್ ಆಂಪ್.

ಏಳುಸುತ್ತು (ಚಿತ್ರದುರ್ಗ)

ಬ್ಲೂಸಿಗೆ ಬಿ.ಬಿ. ಕಿಂಗ್, ಎರಡು ಮಾತಿಲ್ಲ. 1964ರ ನವೆಂಬರ್ 21ರಂದು ಷಿಕಾಗೋದ ರೀಗಲ್ ಥಿಯೇಟರಿನಲ್ಲಿ ಜನರ ಮುಂದೆ ನುಡಿಸಿದ್ದನ್ನೇ ಧ್ವನಿಮುದ್ರಿಸಿದ 'ಲೈವ್ ಅಟ್ ದ ರೀಗಲ್' ಹಾಕಿ.

"ಎಲ್ಲಾ ಒಂದೇ ಥರ" ಅನ್ನುವವರಿಗೆ ಮೊದಲು ತಾಳ ಹೇಳಿಕೊಡಿ. ಬ್ಲೂಸಿನ ಸಾಮಾನ್ಯ ಆವರ್ತನ 12 ಬಾರ್, ಬಾರಿಗೆ 4 ಮಾತ್ರೆ, ಒಟ್ಟು 48. ಎ ಶ್ರುತಿಯಲ್ಲಾದರೆ ಮೊದಲ 4 ಬಾರ್ ಎ7 ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ), ಆಮೇಲೆ 2 ಬಾರ್ ಡಿ7, ಮತ್ತೆ 2 ಬಾರ್ ಎ7, 9ನೆಯದು ಇ7, 10ನೆಯದು ಡಿ7, ಕೊನೆಯ 2 ಬಾರ್ ಎ7. ಶಫಲ್ ನಡೆಯಲ್ಲಿ ಪ್ರತಿ ಮಾತ್ರೆಯನ್ನೂ ಮೂರಾಗಿ ಒಡೆದು ನಡುವಿನದನ್ನು ಬಿಟ್ಟು ನುಡಿಸುತ್ತಾರೆ. ತಬಲಾ ನುಡಿಸುವವರಿಗೆ ತಿಸ್ರ ಎಂದರೆ ಸಾಕು, ಮಿಕ್ಕಿದ್ದು ಅವರೇ ಹಿಡಿಯುತ್ತಾರೆ. ವಿಲಂಬಿತ್ ಏಕತಾಳದಲ್ಲಿ ನಾಲ್ಕು ಖಯಾಲ್ ಕೇಳಿದರೆ ನಾಲ್ಕೂ ಒಂದೇ ಅಂತ ಅವರಿಗೆ ಅನಿಸುವುದಿಲ್ಲ. ಇಲ್ಲೂ ಕಿವಿ ಠೇಕಾ (ತಾಳದ ಬೋಲು) ಬಿಟ್ಟು ಸ್ವರದ ಕಡೆ ಹೊರಳಬೇಕು.

ಆ ಸ್ವರ ಗಾಂಧಾರ. ಎ ಷಡ್ಜ ಎಂದಿಟ್ಟುಕೊಳ್ಳಿ: (ಅತಿ ತೆಳುವಾದದ್ದೇ ಮೊದಲ ತಂತಿ) ಎರಡನೇ ತಂತಿಯ 10ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಷಡ್ಜ, 12ನೇ ಫ್ರೆಟ್ ರಿಷಭ. ಈ ರಿಷಭವನ್ನು ಬೆಂಡ್ ಮಾಡಿ (ತಂತಿಯನ್ನು ಪಕ್ಕಕ್ಕೆ ಎಳೆದು) ಅರ್ಧ ಸ್ವರ ಏರಿಸಿದರೆ ಕೋಮಲ ಗಾಂಧಾರ, ಪೂರ್ತಿ ಸ್ವರ ಏರಿಸಿದರೆ ಶುದ್ಧ ಗಾಂಧಾರ. ಬ್ಲೂಸಿನ ಜೀವ ಇವೆರಡರ ನಡುವಿನ ಸಂದಿಯಲ್ಲಿದೆ. ಕೆಳಗೆ ಎ7 ಕಾರ್ಡ್ ಶುದ್ಧ ಗಾಂಧಾರ ಹಿಡಿದಿರುತ್ತದೆ, ಗಿಟಾರ್ ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತು ಅದನ್ನು ತಾಕುತ್ತದೆ. ಎದೆಗೆ ನಾಟುವುದು ಆ ತಿಕ್ಕಾಟ. ಆದರೆ 5ನೇ ಬಾರಿನಲ್ಲಿ ಡಿ7 ಬಂದಾಗ ಕೋಮಲ ಗಾಂಧಾರ ಆ ಕಾರ್ಡಿನದೇ ಸ್ವರ. ಅಲ್ಲಿ ಅರ್ಧಕ್ಕೇ ನಿಲ್ಲಿಸಿ, ಪೂರ್ತಿ ಎಳೆದರೆ ಕಾರ್ಡಿನ ಜೊತೆ ಜಗಳ.

ತೋರಿಸುವಾಗ ಮೊದಲು 13ನೇ ಫ್ರೆಟ್, ಆಮೇಲೆ 14ನೇ ಫ್ರೆಟ್ ನೇರವಾಗಿ ಮೀಟಿ, ಎರಡು ಗಾಂಧಾರವೂ ಎಲ್ಲರ ಕಿವಿಯಲ್ಲಿ ಕೂರಲಿ. ನಂತರ 12ರಿಂದ ಎಳೆಯಿರಿ. ಒಂದೇ ಬೆರಳಿಂದ ಎಳೆದರೆ ಸ್ವರ ತಲುಪುವ ಮೊದಲೇ ನಿಲ್ಲುತ್ತದೆ. ಉಂಗುರದ ಬೆರಳು ಸ್ವರದ ಮೇಲೆ, ಅದರ ಹಿಂದೆ ಅದೇ ತಂತಿಯ ಮೇಲೆ ನಡುಬೆರಳು, ತೋರುಬೆರಳು. ಹೆಬ್ಬೆರಳು ಕತ್ತಿನ ಮೇಲಂಚಿಗೆ ಆತುಕೊಂಡಿರಬೇಕು. ಬಲ ಬೆರಳಿನಿಂದಲ್ಲ, ಮಣಿಕಟ್ಟು ತಿರುಗುವುದರಿಂದ ಬರುತ್ತದೆ.

ಕಿಂಗ್ ಅವರ ವೈಬ್ರಾಟೋ (ಸ್ವರದ ಕಂಪನ) ಬೇರೆ ಥರ. ಹೆಬ್ಬೆರಳನ್ನು ಕತ್ತಿನಿಂದ ಬಿಡಿಸಿ, ತೋರುಬೆರಳ ತುದಿ ಒಂದನ್ನೇ ಊರಿ, ಕೀಲಿ ತಿರುಗಿಸಿದ ಹಾಗೆ ಕೈಯನ್ನು ಆಡಿಸುತ್ತಿದ್ದರು. ಕಲಿಯುವವರು ಇಲ್ಲಿ ಎಡವುವುದು ಒಂದೇ ಕಡೆ: ತಂತಿ ಪ್ರತಿ ಸಲವೂ ಮೂಲ ಸ್ವರಕ್ಕೆ ವಾಪಸ್ ಬರುವುದಿಲ್ಲ, ಹಾಗಾಗಿ ಸ್ವರ ಸದಾ ಚೂರು ಏರಿಯೇ ಕೇಳುತ್ತದೆ. ನಿಧಾನವಾಗಿ, ಮಾತ್ರೆಗೆ ಮೂರು ಸಲ ಆಡಿಸಿ ಅಭ್ಯಾಸ ಮಾಡಬೇಕು.

ಇನ್ನೊಂದು ಮಾತು. ಹಾಡುವಾಗ ಕಿಂಗ್ ಗಿಟಾರ್ ನುಡಿಸುತ್ತಿರಲಿಲ್ಲ. ಒಂದು ಸಾಲು ಕಂಠ, ಅದರ ಬೆನ್ನಿಗೆ ಗಿಟಾರಿನ ಉತ್ತರ. ಹಾರ್ಮೋನಿಯಂ ಸಾಥ್ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಂತಿಗಂಟು

ರಾಕ್‌ಗೆ ನನ್ನ ಆಯ್ಕೆ ಜೆಫ್ ಬೆಕ್. 1975ರ 'ಬ್ಲೋ ಬೈ ಬ್ಲೋ' ಎಲ್ಲರೂ ಹೇಳ್ತಾರೆ, ಒಳ್ಳೇದೇ. ಆದ್ರೆ ನಿಮ್ಮ ಹಿಂದೂಸ್ತಾನಿ ಗೆಳೆಯರಿಗೆ 1989ರ 'ಗಿಟಾರ್ ಶಾಪ್' ಆಲ್ಬಮ್ಮಿನ 'ವೇರ್ ವರ್ ಯೂ' ಹಾಕ್ರಿ. ಬಲ್ಗೇರಿಯಾದ ಹೆಣ್ಣುಮಕ್ಕಳ ಸಮೂಹಗಾನದಿಂದ ಪ್ರೇರಣೆ ಪಡೆದ ತುಣುಕದು. ಪಿಕ್ (ಮೀಟೋ ಬಿಲ್ಲೆ) ಇಲ್ಲ, ಹೆಬ್ಬೆರಳಿಂದ ಮೀಟೋದು. ಹಾರ್ಮೋನಿಕ್ (ತಂತಿನ ಒತ್ತದೆ ಬರೀ ತಾಕಿಸಿ ಹುಟ್ಟಿಸೋ ತೆಳು ಸ್ವರ) ಮೀಟಿ, ಅದು ಸಾಯೋಕೆ ಮುಂಚೆ ವ್ಯಾಮಿ ಬಾರಿನಿಂದ (ಸ್ವರ ಏರಿಸಿ ಇಳಿಸೋ ಕಡ್ಡಿ) ಅದನ್ನೇ ಮುಂದಿನ ಸ್ವರಕ್ಕೆ ಒಯ್ತಾರೆ. ಫ್ರೆಟ್ ಮೇಲೆ ಬೆರಳೇ ಇಲ್ಲದ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು)! ಮೀಟಿದ ಸದ್ದು ಕೇಳಿಸದೆ ಸ್ವರ ಸಾರಂಗಿ ಹಂಗೆ ಹುಟ್ಟೋದು ವಾಲ್ಯೂಮ್ ನಾಬಿನಿಂದ. ಸ್ಟ್ರಾಟಿನಲ್ಲಿ ಆ ನಾಬ್ ಮೊದಲ ತಂತಿ ಪಕ್ಕದಲ್ಲೇ ಐತಿ, ಕಿರುಬೆರಳು ಮುಟ್ಟುತ್ತೆ. ನಾಬ್ ಸೊನ್ನೆಗೆ ಇಟ್ಟು ಮೀಟಿ, ಆಮೇಲೆ ಮೆಲ್ಲಗೆ ಏರಿಸ್ರಿ, ತೋರಿಸೋಕೆ ಅಷ್ಟೇ ಸಾಕು.

ಆ ವ್ಯಾಮಿ ಬಾರ್ ಎರಡೂ ಕಡೆ ಆಡಬೇಕಂದ್ರೆ ಬ್ರಿಜ್ (ತಂತಿಗಳ ಬುಡ ಹಿಡಿದಿರೋ ಲೋಹದ ಭಾಗ) ಮರಕ್ಕೆ ಅಂಟದೆ ತೇಲಬೇಕು. ಹಿಂದಿನ ಮುಚ್ಚಳ ತೆಗೆದ್ರೆ ಸ್ಪ್ರಿಂಗ್ ಹಿಡಿದಿರೋ ತಗಡು, ಅದಕ್ಕೆ ಎರಡು ಉದ್ದ ಸ್ಕ್ರೂ ಕಾಣ್ತವೆ. ಎರಡನ್ನೂ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ನೋಡಿ, ಮತ್ತೆ ಕಾಲು ಸುತ್ತು. ಬ್ರಿಜ್ಜಿನ ಹಿಂಬದಿ ಮರದಿಂದ ಸುಮಾರು 3 ಮಿಲಿಮೀಟರ್ ಎದ್ರೆ ನಿಲ್ಲಿಸಿ. ಒಂದೇ ಸಲ ಎರಡು ಸುತ್ತು ತಿರುಗಿಸಿದ್ರೆ ಶ್ರುತಿ ಹಿಡಿಯೋಕೆ ಸಂಜೆವರೆಗೂ ಕೂರಬೇಕಾಗುತ್ತೆ, ಯಾಕಂದ್ರೆ ತಂತಿ ಬಿಗಿದಂಗೆ ಬ್ರಿಜ್ ಮುಂದಕ್ಕೆ ವಾಲಿ ಉಳಿದ ತಂತಿಗಳು ಇಳೀತವೆ.

ತೇಲಿಸಿದ್ರೆ ನಷ್ಟವೂ ಐತಿ. ಒಂದು ತಂತಿ ಹರಿದ್ರೆ ಉಳಿದ ಐದೂ ಶ್ರುತಿ ಏರ್ತವೆ. ಒಂದನ್ನ ಬೆಂಡ್ ಮಾಡಿದ್ರೆ ಪಕ್ಕದ್ದು ಇಳಿಯುತ್ತೆ, ಹಂಗಾಗಿ ಏಳುಸುತ್ತು ಸರ್ ಹೇಳಿದ ಗಾಂಧಾರ ಇನ್ನೂ ಜಾಸ್ತಿ ಎಳೀಬೇಕಾಗುತ್ತೆ. ಒಂದೇ ಸಂಜೆಗೆ ಒಂದೇ ಗಿಟಾರ್ ಅಂದ್ರೆ ಬ್ರಿಜ್ ಕೂರಿಸಿಯೇ ಇಡ್ರಿ, ಬಾರನ್ನ ಕೆಳಗೆ ಮಾತ್ರ ಆಡಿಸಿ ತೋರಿಸ್ರಿ.

ಬೆಂಡ್ ಆದಮೇಲೆ ತಂತಿ ಶ್ರುತಿಗೆ ವಾಪಸ್ ಬರದಿದ್ರೆ ಬಹಳ ಸಲ ತಪ್ಪು ಶ್ರುತಿ ಮೊಳೆಯದ್ದಲ್ಲ, ನಟ್ಟಿನ (ಕತ್ತಿನ ತುದಿಯಲ್ಲಿ ತಂತಿ ಹಾಯೋ ಪಟ್ಟಿ) ಕಚ್ಚಿನದ್ದು. ಆ ಕಚ್ಚಿನಲ್ಲಿ ಪೆನ್ಸಿಲ್ ಸೀಸ ಉಜ್ಜಿ. ಸಣ್ಣ ತಂತಿಗಳು ಮೊಳೆಗೆ ಎರಡು ಮೂರು ಸುತ್ತು ಇದ್ರೆ ಸಾಕು, ಎಂಟು ಸುತ್ತು ಸುತ್ತಿದ್ರೆ ಅದೇ ಜಾರುತ್ತೆ. ಬಿಸಿಲಿಗೆ ಕಾದ ಮಾಳಿಗೆ ಮೇಲೆ ಕೂರೋದಾದ್ರೆ ಗಿಟಾರನ್ನ ಅರ್ಧ ತಾಸು ಮೊದಲೇ ಹೊರಗೆ ತೆಗೆದಿಟ್ಟು ಆಮೇಲೆ ಶ್ರುತಿ ಮಾಡ್ರಿ. ಸೆಕೆಗೆ ಉಕ್ಕಿನ ತಂತಿ ಹಿಗ್ಗಿ ಸ್ವರ ಇಳಿಯುತ್ತೆ.

ಚಂದ್ರವಳ್ಳಿ

ಹಿಂದೂಸ್ತಾನಿ ಕಿವಿಯವರಿದ್ದಾರೆ ಎಂದಮೇಲೆ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, 'ಶಕ್ತಿ' ತಂಡದಿಂದಲೇ ಏಕೆ ಶುರು ಮಾಡಬಾರದು? ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿನಾಯಕರಾಮ್ ಘಟ. ಮೆಕ್‌ಲಾಫ್ಲಿನ್ ಗಿಟಾರೇ ಬೇರೆ: ಮೀಟುವ ತಂತಿಗಳ ಕೆಳಗೆ ಅಡ್ಡಲಾಗಿ ಏಳು ತರಬ್ (ಅನುರಣನದ) ತಂತಿ, ಫ್ರೆಟ್ಟುಗಳ ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿದ್ದು. ಬೆರಳಿಗೆ ಮರ ತಾಗದ ಕಾರಣ ಗಮಕ ಆಳವಾಗಿ ಎಳೆಯಬಹುದು. ಆಸೆಪಟ್ಟು ಮನೆಯಲ್ಲಿ ಅರ ಹಿಡಿದು ಕೂರಬೇಡಿ. ಕೆತ್ತಿದ ಮರ ಮತ್ತೆ ಬರುವುದಿಲ್ಲ, ಕೈ ಭಾರವಿದ್ದವರು ಒತ್ತಿದರೆ ಪ್ರತಿ ಸ್ವರವೂ ಏರುತ್ತದೆ.

ಮಂಡಿಪೇಟೆ (ದಾವಣಗೆರೆ)

ಚಂದ್ರವಳ್ಳಿಯವರೇ, 'ಶಕ್ತಿ' ಅದ್ಭುತ, ಆದರೆ ಕೊನೆಗಿಡೋಣ. ಅದರಲ್ಲಿ ಕಾರ್ಡುಗಳ ಓಡಾಟ ಕಡಿಮೆ, ಷಡ್ಜ ಸ್ಥಿರ. ಇವರಿಗೆ ಜಾಝ್ ಕೈಗೆ ಸಿಗದಿರುವುದು ಕಾರ್ಡ್ ಬದಲಾದಂತೆ ಸ್ವರದ ಅರ್ಥವೂ ಬದಲಾಗುವುದರಿಂದ. ಆ ಅಡೆತಡೆಯನ್ನು ನೇರವಾಗಿ ದಾಟಿಸಬೇಕು.

ದಾಟಿಸುವವರು ಜಾಝ್ ಗಿಟಾರ್ ವಾದಕ ಕೆನ್ನಿ ಬರೆಲ್. 1963ರ 'ಮಿಡ್‌ನೈಟ್ ಬ್ಲೂ'. ಪಿಯಾನೋ ಇಲ್ಲ. ಗಿಟಾರ್, ಸ್ಯಾಕ್ಸೊಫೋನ್, ಬಾಸ್ (ಕೆಳಸ್ಥಾಯಿಯ ದೊಡ್ಡ ತಂತಿವಾದ್ಯ), ಡ್ರಮ್, ಕಾಂಗಾ ಮಾತ್ರ. ಪಿಯಾನೋ ತುಂಬುವ ಜಾಗವೆಲ್ಲ ಖಾಲಿ ಇರುವುದರಿಂದ ಗಿಟಾರಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಮೊದಲ ತುಣುಕು 'ಚಿಟ್ಲಿನ್ಸ್ ಕಾನ್ ಕಾರ್ನೆ' ಬ್ಲೂಸ್ ಆಕಾರದ್ದೇ, ಮೇಲೆ ಹೇಳಿದ ಆವರ್ತನ ಎಣಿಸಿದವರು ದಾರಿ ತಪ್ಪುವುದಿಲ್ಲ. ಇದನ್ನು ಮುಂದೆ ಬ್ಲೂಸ್ ಗಿಟಾರಿನ ಸ್ಟೀವಿ ರೇ ವಾನ್ ಕೂಡ ನುಡಿಸಿದ್ದಾರೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ.

ಅದರಲ್ಲಿ ಬರುವ 7 ಶಾರ್ಪ್ 9 ಕಾರ್ಡ್ ನಿಮ್ಮ ರಾಕ್ ಗೆಳೆಯರಿಗೆ ಆಗಲೇ ಗೊತ್ತು, ಹೆಂಡ್ರಿಕ್ಸ್ 1967ರ 'ಪರ್ಪಲ್ ಹೇಜ್'ನಲ್ಲಿ ಹಿಡಿಯುವ ಕಾರ್ಡ್ ಅದೇ ಜಾತಿಯದು. ಇ ಶ್ರುತಿಯಲ್ಲಿ ಹಿಡಿದು ತೋರಿಸಿ: 6ನೇ ತಂತಿ ಒತ್ತದೆ ಖಾಲಿ, 5ನೇ ತಂತಿ 7ನೇ ಫ್ರೆಟ್, 4ನೆಯದು 6, 3ನೆಯದು 7, 2ನೆಯದು 8. ಈಗ 4ನೇ ತಂತಿಯನ್ನೊಮ್ಮೆ, 2ನೇ ತಂತಿಯನ್ನೊಮ್ಮೆ ಬೇರೆಬೇರೆ ಮೀಟಿ. ಮೊದಲನೆಯದು ಶುದ್ಧ ಗಾಂಧಾರ, ಎರಡನೆಯದು ತಾರದ ಕೋಮಲ ಗಾಂಧಾರ. ಕಿಂಗ್ ಬೆರಳಿಂದ ಎಳೆದು ನಡುವೆ ಹುಡುಕಿದ್ದನ್ನು ಇಲ್ಲಿ ಎರಡನ್ನೂ ಒಟ್ಟಿಗೆ ಒತ್ತಿಟ್ಟಿದ್ದಾರೆ. ಬ್ಲೂಸ್, ರಾಕ್, ಜಾಝ್ ಮೂರಕ್ಕೂ ಕೊಂಡಿ ಇದು.

ಅಲ್ಲಿಂದ ವೆಸ್ ಮಾಂಟ್‌ಗೊಮರಿ, ನನ್ನ ಮಟ್ಟಿಗೆ ಎಲ್ಲರಿಗಿಂತ ಮೇಲೆ. 1960ರ 'ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್'. ಹಿಂದಿನ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ರೆಕಾರ್ಡುಗಳಿಂದ ಕಿವಿಯಲ್ಲೇ ಕಲಿತವರು. ಪಿಕ್ ಬದಲು ಹೆಬ್ಬೆರಳ ಮಾಂಸಲ ಭಾಗ, ಅದಕ್ಕೇ ಸ್ವರದ ಅಂಚು ಅಷ್ಟು ಮೆತ್ತಗೆ. ಅವರ ಸೋಲೋ ಸಾಮಾನ್ಯವಾಗಿ ಮೂರು ಮೆಟ್ಟಿಲು ಹತ್ತುತ್ತದೆ: ಮೊದಲು ಬಿಡಿ ಸ್ವರ, ಆಮೇಲೆ ಆಕ್ಟೇವ್ (ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ), ಕೊನೆಗೆ ಕಾರ್ಡುಗಳು. ಬಡತ್ (ರಾಗವನ್ನು ಹಂತಹಂತವಾಗಿ ಬೆಳೆಸುವುದು) ಕೇಳಿ ಗೊತ್ತಿರುವವರಿಗೆ ಈ ಏರಿಕೆ ಸಿಕ್ಕೇ ಸಿಗುತ್ತದೆ.

ಆಕ್ಟೇವ್ ಹಿಡಿಯುವುದು ಹೀಗೆ. ತೋರುಬೆರಳು 6ನೇ ಅಥವಾ 5ನೇ ತಂತಿಯಲ್ಲಿದ್ದರೆ ಜೊತೆ ಸ್ವರ ಎರಡು ತಂತಿ ಆಚೆ, ಎರಡು ಫ್ರೆಟ್ ಮುಂದೆ. 4ನೇ ಅಥವಾ 3ನೇ ತಂತಿಯಿಂದ ಹೊರಟರೆ ಮೂರು ಫ್ರೆಟ್ ಮುಂದೆ, ಏಕೆಂದರೆ ಎರಡನೇ ತಂತಿಯ ಶ್ರುತಿ ಉಳಿದವುಗಳ ಅಂತರಕ್ಕಿಂತ ಅರ್ಧ ಸ್ವರ ತಗ್ಗು. ನಡುವಿನ ತಂತಿ ಗೊರಗೊರ ಅಂದರೆ ತೋರುಬೆರಳು ತುದಿಯ ಮೇಲೆ ನೆಟ್ಟಗೆ ನಿಂತಿದೆ ಎಂದರ್ಥ. ಬೆರಳನ್ನು ಚೂರು ಮಲಗಿಸಿ, ಅದರ ಹೊಟ್ಟೆ ನಡುವಿನ ತಂತಿಯನ್ನು ಒತ್ತದೆ ಮುಟ್ಟಿರಲಿ. ಆಗ ಹೆಬ್ಬೆರಳಿಂದ ಮೂರೂ ತಂತಿ ಒಟ್ಟಿಗೆ ಸವರಿದರೂ ಎರಡೇ ಸ್ವರ ಕೇಳುತ್ತದೆ. ಸ್ಟ್ರಾಟಿನಲ್ಲಿ ಕತ್ತಿನ ಕಡೆಯ ಪಿಕಪ್, ಟೋನ್ ಅರ್ಧ, ಆಂಪಿನ ಗೇನ್ (ಸದ್ದನ್ನು ಒರಟಾಗಿಸುವ ನಾಬ್) ಪೂರಾ ಇಳಿಸಿ. 9ರ ತಂತಿಗೆ ಆ ತೂಕ ಬರುವುದಿಲ್ಲ, ಅಂದಾಜು ಸಿಗುತ್ತದೆ.

ಹಿಡಿಯುವುದೆಲ್ಲಿ ಎಂದು ಕೇಳಿದಿರಲ್ಲ: ಬಾಸನ್ನು ಹಿಡಿಯಿರಿ. ತಬಲಾ ಸೋಲೋಗೆ ಲೆಹರಾ (ಆವರ್ತನ ತೋರಿಸುತ್ತಾ ಮರಳಿ ಮರಳಿ ಬರುವ ಮಟ್ಟು) ಹೇಗೋ ಜಾಝಿಗೆ ಬಾಸ್ ಹಾಗೆ, ಗಿಟಾರ್ ಎಷ್ಟೇ ದೂರ ಹೋಗಲಿ, ಆವರ್ತನ ಅಲ್ಲಿ ನಡೆಯುತ್ತಲೇ ಇರುತ್ತದೆ. ಮೊದಲು ನುಡಿಸಿದ ಮಟ್ಟನ್ನು ಸೋಲೋ ಉದ್ದಕ್ಕೂ ಮನಸ್ಸಿನಲ್ಲಿ ಗುನುಗಿಕೊಂಡರೆ ಇನ್ನೂ ಸುಲಭ.

ಕುಂದವಾಡ ಕೆರೆ ಏರಿ (ದಾವಣಗೆರೆ)

ಎಲ್ಲರಿಗೂ ಶರಣು. ಕಿಂಗ್, ಬರೆಲ್, ಸ್ಟೀವಿ ರೇ, ಹೆಂಡ್ರಿಕ್ಸ್ ಕಾರ್ಡ್, ವೆಸ್, ಬೆಕ್, ಕೊನೆಗೆ ಶಕ್ತಿ, ಹೀಗೆ ಇಟ್ಕೊಳ್ತೀನಿ. ಒಂದು ಸಂಶಯ: ಒಂದೇ ಬ್ಲೂಟೂತ್ ಸ್ಪೀಕರ್ ಸಾಕಾ?

ಏಳುಸುತ್ತು (ಚಿತ್ರದುರ್ಗ)

ಸಾಕು ಸರ್. 1960ರ ದಶಕದ ಆರಂಭದ ಎಷ್ಟೋ ಸ್ಟೀರಿಯೋ ರೆಕಾರ್ಡುಗಳಲ್ಲಿ ಒಂದು ವಾದ್ಯ ಪೂರ್ತಿ ಎಡಕ್ಕೆ, ಇನ್ನೊಂದು ಪೂರ್ತಿ ಬಲಕ್ಕೆ ಇರುತ್ತದೆ. ಇಬ್ಬರು ಒಂದೊಂದು ಇಯರ್‌ಫೋನ್ ಹಂಚಿಕೊಂಡರೆ ಒಬ್ಬರಿಗೆ ಗಿಟಾರೇ ಕೇಳದೆ ಹೋಗಬಹುದು. ಎರಡು ಸ್ಪೀಕರ್ ದೂರ ದೂರ ಇಟ್ಟು ನಡುವೆ ಎಂಟು ಜನ ಕೂತರೂ ಅದೇ ತೊಂದರೆ. ಒಂದೇ ಸ್ಪೀಕರಿನಲ್ಲಿ ಎರಡೂ ಕೂಡಿ ಬರುತ್ತದೆ. ಬಾಸ್ ಬೂಸ್ಟ್ ಬಟನ್ ಮಾತ್ರ ಆಫ್ ಇರಲಿ, ಇಲ್ಲದಿದ್ದರೆ ವೆಸ್ ಅವರ ಕೆಳ ತಂತಿಯ ಸ್ವರಗಳು ಬಾಸಿನ ಜೊತೆ ಕಲಸಿಹೋಗುತ್ತವೆ.