ಅಟ್ಟದಲ್ಲಿ ಹಾಯುವ ಎ.ಸಿ. ಡಕ್ಟ್: ತಗಡಿನದೋ, ಫ್ಲೆಕ್ಸೋ?

ಪ್ರಶ್ನೆ (ಡಲ್ಲಾಸ್‌ನಿಂದ)
ನಮ್ಮದು ಹಳೆಯ ಮನೆ. ಸೆಂಟ್ರಲ್ ಎ.ಸಿ.ಯ ಗಾಳಿ ಒಯ್ಯುವ ಕೊಳವೆಗಳು, ಅಂದರೆ ಡಕ್ಟ್‌ಗಳೆಲ್ಲ ಅಟ್ಟದಲ್ಲೇ ಹಾಯ್ದಿವೆ. ಬೇಸಿಗೆಯ ಮಧ್ಯಾಹ್ನ ಯಂತ್ರ ಬಿಡುವಿಲ್ಲದೆ ಓಡಿದರೂ ಮೂಲೆಯ ಕೋಣೆಗಳು ತಂಪಾಗುವುದಿಲ್ಲ; ಹತ್ತಿ ನೋಡಿದರೆ, ಸಂದುಗಳಿಗೆ ಸುತ್ತಿದ್ದ ಬೂದುಬಣ್ಣದ ಬಟ್ಟೆಯ ಟೇಪು ಒಣಗಿ ಕಳಚಿಕೊಂಡಿದೆ. ಎಲ್ಲವನ್ನೂ ಕಿತ್ತು ಫ್ಲೆಕ್ಸ್ ಡಕ್ಟ್ (ಬಾಗಿಸಬಹುದಾದ ಮೆದು ಕೊಳವೆ) ಹಾಕಿಸಬೇಕೆಂದು ಒಬ್ಬ ಗುತ್ತಿಗೆದಾರರು ಹೇಳಿದರೆ, ತಗಡಿನದೇ ಆಗಬೇಕೆಂದು ಇನ್ನೊಬ್ಬರು ಪಟ್ಟು ಹಿಡಿದಿದ್ದಾರೆ. ಯಾವುದು ಸರಿ?

ಉತ್ತರ 1
ಎರಡೂ ಒಳ್ಳೆಯವೇ, ಕೆಡುವುದು ಜೋಡಣೆಯಲ್ಲಿ. ಫ್ಲೆಕ್ಸ್ ಡಕ್ಟನ್ನು ಪೂರ್ತಿ ಎಳೆದು ಬಿಗಿಯಾಗಿ ಹಾಕದಿದ್ದರೆ ಒಳಗಿನ ಪದರ ಸುಕ್ಕುಗಟ್ಟಿ ಗಾಳಿಯನ್ನು ತಡೆಯುತ್ತದೆ. ನಾಲ್ಕೈದು ಅಡಿಗೊಂದು ಅಗಲವಾದ ಪಟ್ಟಿಯ ಆಧಾರವಿರಲಿ, ಜೋಲು ಅಡಿಗೆ ಅರ್ಧ ಇಂಚನ್ನು ಮೀರದಿರಲಿ. ಮುಖ್ಯ ಕೊಳವೆಗೆ ತಗಡು, ಕೋಣೆಗಳಿಗೆ ಹೋಗುವ ಚಿಕ್ಕ ಕವಲುಗಳಿಗೆ ಫ್ಲೆಕ್ಸ್ ಎಂಬ ಏರ್ಪಾಡನ್ನು ನಾನು ಮೆಚ್ಚುತ್ತೇನೆ. ಅಟ್ಟದಲ್ಲಿ ಡಕ್ಟಿಗೆ ಆರ್-8 ಹೊದಿಕೆ (ಆರ್ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ) ಇರಲೇಬೇಕು. ಅಳತೆಯನ್ನು ಅಂದಾಜಿನಿಂದಲ್ಲ, ಡಕ್ಟಿನ ಅಳತೆ ನಿರ್ಧರಿಸುವ ಕೈಪಿಡಿಯಾದ ಮ್ಯಾನ್ಯುವಲ್ ಡಿ ಪ್ರಕಾರ ಲೆಕ್ಕ ಹಾಕಿಕೊಡುವಂತೆ ಕೇಳಿ.

ಉತ್ತರ 2
ಆಯ್ಕೆಗಿಂತ ಸಂದು ಮುಚ್ಚುವ ಕೆಲಸವೇ ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದವರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಬಿಸಿಗೂ ತಂಪಿಗೂ ಸರದಿಯಂತೆ ಒಡ್ಡಿದಾಗ ಸೋತದ್ದು ಈ ಬಟ್ಟೆಯ ಟೇಪೇ. ಹಳೆಯದನ್ನು ಕಿತ್ತು, ಧೂಳು ಒರೆಸಿ, ಬ್ರಷ್‌ನಿಂದ ಮಾಸ್ಟಿಕ್ಕನ್ನು (ಸಂದು ಮುಚ್ಚುವ ಗಟ್ಟಿ ಲೇಪವನ್ನು) ನಾಣ್ಯದಷ್ಟು ದಪ್ಪಕ್ಕೆ ಬಳಿಯಿರಿ. ಕಾಲಿಂಚಿಗಿಂತ ಅಗಲವಾದ ಬಿರುಕಿಗೆ ಮೊದಲು ಫೈಬರ್‌ಗ್ಲಾಸ್ ಜಾಲರಿ ಹಾಕಬೇಕು. ಟೇಪು ಬೇಕೇಬೇಕಾದಲ್ಲಿ ಯುಎಲ್ 181 (ಡಕ್ಟ್ ಸಾಮಗ್ರಿಗಳ ಸುರಕ್ಷತಾ ಮಾನದಂಡ) ಗುರುತಿರುವ ಫಾಯಿಲ್ ಟೇಪನ್ನೇ ಕೊಳ್ಳಿ. ಫ್ಲೆಕ್ಸ್‌ನಲ್ಲಿ ಒಳಪದರವನ್ನೇ ಕಾಲರಿಗೆ (ಡಕ್ಟ್ ಕೂಡುವ ತಗಡಿನ ಬಳೆಗೆ) ಕಟ್ಟಿ ಮುಚ್ಚಬೇಕು. ಹೊರಗಿನ ಹೊದಿಕೆಗೆ ಮಾತ್ರ ಟೇಪು ಸುತ್ತಿದರೆ ಸೋರಿಕೆ ನಿಲ್ಲುವುದಿಲ್ಲ. ರಿಟರ್ನ್ ಕಡೆಯನ್ನು, ಅಂದರೆ ಮನೆಯ ಗಾಳಿಯನ್ನು ಯಂತ್ರಕ್ಕೆ ಮರಳಿ ಒಯ್ಯುವ ಕೊಳವೆಯನ್ನು, ಮೊದಲು ನೋಡಿ, ಏಕೆಂದರೆ ಅಲ್ಲಿನ ತೂತು ಅಟ್ಟದ ಸುಡುಗಾಳಿಯನ್ನೂ ಧೂಳನ್ನೂ ನೇರವಾಗಿ ಯಂತ್ರದೊಳಕ್ಕೆ ಎಳೆದುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಕೆಲಸ ಸರಿಯಾಗಿದೆಯೆಂದು ತಿಳಿಯುವುದು ಹೇಗೆ?

ಉತ್ತರ 2
ಹೊದಿಕೆ ಮುಚ್ಚುವ ಮೊದಲೇ 25 ಪ್ಯಾಸ್ಕಲ್ ಒತ್ತಡದಲ್ಲಿ ಸೋರಿಕೆ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಬರಹದಲ್ಲಿ ಪಡೆಯಿರಿ. ಮನೆಯೊಳಗೆ ಗ್ಯಾಸಿನ ವಾಟರ್ ಹೀಟರ್ ಇದ್ದರೆ ಅದರ ಹೊಗೆ ಸರಿಯಾಗಿ ಹೊರಹೋಗುತ್ತಿದೆಯೇ ಎಂಬುದನ್ನೂ ಅದೇ ದಿನ ಪರೀಕ್ಷಿಸಿರಿ. ಹೀಟರಿನ ಬಳಿಯ ರಿಟರ್ನ್ ಸೋರುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಕ್ಕೆ ಬರುವ ಅಪಾಯವಿದೆ.