ನಂದಿಬೆಟ್ಟದ ಕಲ್ಲುಹೂವು: ಸಿಕ್ಕ ಜಾಗವನ್ನು ದಾಖಲಿಸುವುದು ಹೇಗೆ? (ಗುಂಪಿನ ಚರ್ಚೆ; ಬರೆದವರದು ಅಡ್ಡಹೆಸರುಗಳು)

ಬಂಡೆಸಾಲು (ಚಿಕ್ಕಬಳ್ಳಾಪುರ):
ನಂದಿಬೆಟ್ಟದ ಮೇಲೆ ಒಂದು ಮರದ ಕಾಂಡದಲ್ಲೂ ಪಕ್ಕದ ಬಂಡೆಯಲ್ಲೂ ಅಗಲ ಹಾಳೆಯ ಬೂದುಬಣ್ಣದ ಕಲ್ಲುಹೂವು (ಲೈಕನ್) ಇದೆ. ಪಾರ್ಮೊಟ್ರೆಮಾ ಕುಲದ್ದು, ಪ್ರಭೇದ ತಿಳಿಯುತ್ತಿಲ್ಲ. ಎರಡನ್ನೂ ಒಂದೇ ದಾಖಲೆ ಮಾಡಬಹುದೇ? ಫೋನು ಎತ್ತರ 1,390 ಮೀಟರ್ ತೋರಿಸುತ್ತಿದೆ. ಬೆಟ್ಟದ ತುದಿ 1,478 ಅಂತಾರೆ, ನಿಂತಿರುವುದು ಹೆಚ್ಚುಕಡಿಮೆ ತುದಿಯಲ್ಲೇ.

ಅಕ್ಷಾಂಶ:
ಒಂದೇ ಮಾಡಬೇಡಿ. ತೊಗಟೆ ಬೇರೆ, ಗ್ರಾನೈಟ್ ಬೇರೆ. ನೋಡಲು ಒಂದೇ ಥರ ಇದ್ದರೂ ಪ್ರಭೇದ ಬೇರೆ ಇರಬಹುದು. ಮರದ ಹೆಸರು, ನೆಲದಿಂದ ಎಷ್ಟು ಎತ್ತರ, ಬಂಡೆಯ ಯಾವ ದಿಕ್ಕಿನ ಮುಖ, ಇವನ್ನೂ ಬರೆಯಿರಿ.

ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದಲ್ಲಿ, ಬಿಂದುವಿನ ನಂತರ ನಾಲ್ಕು ಅಂಕಿವರೆಗೆ ಕೊಡಿ. ನಾಲ್ಕನೇ ಅಂಕಿ ಅಂದರೆ ಸುಮಾರು 11 ಮೀಟರ್. ಎರಡಕ್ಕೇ ನಿಲ್ಲಿಸಿದರೆ ಒಂದು ಕಿಲೋಮೀಟರಿಗೂ ಹೆಚ್ಚು ಅಂತರ, ಆ ಬಂಡೆ ಮತ್ತೆ ಯಾರಿಗೂ ಸಿಗುವುದಿಲ್ಲ. ದೊಡ್ಡ ಬಂಡೆಯ ಬುಡದಲ್ಲಿ, ದಟ್ಟ ಮರದಡಿ ಫೋನು ತೋರಿಸುವ ಜಾಗ ಅಲೆದಾಡುತ್ತದೆ. ಎರಡು ಮೂರು ನಿಮಿಷ ಕಾದು ನೋಡಿ, ಫೋನು ತೋರಿಸುವ ± ಮೀಟರನ್ನೂ ತಪ್ಪದೆ ಬರೆಯಿರಿ.

ಎತ್ತರದ ವಿಷಯ: ಉಪಗ್ರಹ ಅಳೆಯುವುದು ಭೂಮಿಯ ಆಕಾರಕ್ಕೆ ಲೆಕ್ಕದಲ್ಲಿ ಕಲ್ಪಿಸಿಕೊಂಡ ನುಣುಪಾದ ಅಂಡಗೋಳದಿಂದ. ನಮ್ಮ ಕಡೆ ಸಮುದ್ರಮಟ್ಟ ಅದಕ್ಕಿಂತ 80 ಮೀಟರಿಗೂ ಹೆಚ್ಚು ಕೆಳಗಿದೆ, ಅದಕ್ಕೇ ಕಡಿಮೆ ತೋರಿಸುತ್ತಿದೆ. ಕೆಲವು ಆ್ಯಪ್‌ಗಳು ತಾವೇ ಸರಿಪಡಿಸಿಕೊಳ್ಳುತ್ತವೆ, ಹಾಗಾಗಿ ಆ ವ್ಯತ್ಯಾಸವನ್ನು ಕಣ್ಣುಮುಚ್ಚಿ ಸೇರಿಸಬೇಡಿ. ಎತ್ತರ ಗೊತ್ತಿರುವ ಕಡೆ ಮೊದಲು ಹೋಲಿಸಿ ನೋಡಿ.

ಹತ್ತುಪಟ್ಟು ಮಸೂರ (ತುಮಕೂರು):
ಪ್ರಭೇದಕ್ಕೆ ಹಾಳೆಯ ಅಂಚು ನೋಡಿ. ಮೇಲ್ಮೈ ತುಂಬ ಸಣ್ಣ ಕಡ್ಡಿಯಂಥ ಚಾಚುಗಳಿದ್ದು, ಅಂಚಿನಲ್ಲಿ ಕಪ್ಪು ಕೂದಲಿಲ್ಲದಿದ್ದರೆ ಪಾರ್ಮೊಟ್ರೆಮಾದ ಟಿಂಕ್ಟೋರಮ್ ಪ್ರಭೇದ ಇರಬಹುದು. ಅಂಚು ಹಿಟ್ಟು ಹಿಟ್ಟಾಗಿದ್ದು ಕೂದಲಿದ್ದರೆ ಪರ್ಲೇಟಮ್. ಮೇಲ್ಮೈಯಲ್ಲಿ ಬಲೆಯಂತೆ ಬಿಳಿ ಬಿರುಕಿದ್ದರೆ ರೆಟಿಕ್ಯುಲೇಟಮ್.

ಖಚಿತಪಡಿಸಲು ಮನೆಗೆ ತಂದ ಚೂರಿನ ಮೇಲ್ಪದರವನ್ನು ಬ್ಲೇಡಿನಿಂದ ಕೆರೆದು, ಒಳಗಿನ ಬಿಳಿ ಪದರಕ್ಕೆ ಹನಿ ಹಾಕಿ. ಬ್ಲೀಚ್ ತಾಗಿ ಕೆಂಪಾದರೆ ಟಿಂಕ್ಟೋರಮ್. ಶೇ. 10ರ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ತಾಗಿ ಹಳದಿಯಾಗಿ ನಿಂತರೆ ಪರ್ಲೇಟಮ್, ಹಳದಿಯಿಂದ ಕೆಂಪಿಗೆ ತಿರುಗಿದರೆ ರೆಟಿಕ್ಯುಲೇಟಮ್. ಹಳೇ ಬ್ಲೀಚ್ ಶಕ್ತಿ ಕಳೆದುಕೊಂಡಿರುತ್ತದೆ. ಬಣ್ಣ ಬರಲಿಲ್ಲ ಅಂತ ಬರೆಯುವ ಮೊದಲು ಹೊಸ ಬಾಟಲಿ ತೆಗೆಯಿರಿ. ಬಂಡೆಯ ಮೇಲೇ ಹನಿ ಹಾಕಬೇಡಿ, ಅದು ಬದುಕಿರುವ ಜೀವ.

ಬಂಡೆಸಾಲು:
ಚೂರು ತೆಗೆಯುವುದು, ಇಡುವುದು ಹೇಗೆ ಸರ್?

ಅಕ್ಷಾಂಶ:
ಮೊದಲು ಸಂಬಂಧಪಟ್ಟ ಇಲಾಖೆಯ ಅನುಮತಿ. ದೇವರಾಯನದುರ್ಗದಂಥ ಅರಣ್ಯದಲ್ಲಿ ಅರಣ್ಯ ಇಲಾಖೆಯದು ಬೇಕೇ ಬೇಕು. ಒಣಗಿದ್ದಾಗ ಪುಡಿಯಾಗುತ್ತದೆ, ನೀರು ಚಿಮುಕಿಸಿ ಮೆತ್ತಗಾದ ಮೇಲೆ ಎಬ್ಬಿಸಿ. ಒದ್ದೆಯಾದರೆ ಬಣ್ಣ ಹಸಿರಿಗೆ ತಿರುಗುವುದರಿಂದ ಅದಕ್ಕೂ ಮೊದಲೇ ಸ್ಕೇಲ್ ಇಟ್ಟು ಒಂದು ಫೋಟೊ ಇರಲಿ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ. ಕಾಗದದ ಪೊಟ್ಟಣದಲ್ಲಿ ನೆರಳಲ್ಲಿ ಒಣಗಿಸಿ, ವಿವರವನ್ನು ಪೊಟ್ಟಣದ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಪ್ರಭೇದ ಆಮೇಲೆ ಬದಲಾದರೂ ಮತ್ತೆ ನೋಡಲು ಆ ಚೂರೇ ಆಧಾರ.

ಹತ್ತುಪಟ್ಟು ಮಸೂರ:
ಒಂದು ಮಾತು ಬಿಟ್ಟುಹೋಗಿತ್ತು. ಐನ್ಯಾಚುರಲಿಸ್ಟ್‌ನಲ್ಲಿ (ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣ) ನಿಖರ ಜಾಗ ಕಾಣದಂತೆ ಮಸುಕು ಮಾಡಿದರೆ ನಕ್ಷೆಯ ಬಿಂದು 20 ಕಿಲೋಮೀಟರಿನಷ್ಟು ದೂರಕ್ಕೂ ಸರಿಯಬಹುದು. ನಂದಿಯದು ಬಯಲಿಗೆ ಇಳಿದುಬಿಡುತ್ತದೆ. ಊರಿನ ಹೆಸರನ್ನೂ ಪೂರ್ತಿ ಬರೆಯಿರಿ. ಸ್ಕಂದಗಿರಿಯೇ ಕಳವಾರ ಬೆಟ್ಟ, ಎರಡು ಹೆಸರಿನಲ್ಲಿ ಎರಡು ಜಾಗದ ದಾಖಲೆಯಾಗಬಾರದು. ಇನ್ನು ಅಂಗಡಿಯಲ್ಲಿ ಮಸಾಲೆಗೆ ಕೊಂಡ ಕಲ್ಲುಹೂವು ಎಲ್ಲಿಂದ ಬಂದದ್ದೋ, ಅದನ್ನು ಜಿಲ್ಲೆಯಲ್ಲಿ ಸಿಕ್ಕ ಪ್ರಭೇದಗಳ ಪಟ್ಟಿಗೆ ಸೇರಿಸಲೇಬಾರದು.